‘ಈವಿಲ್’ ಅಂದರೆ ಯಾರು ಮಾಡಿದ್ದು?

ಕಾಮಾಕ್ಷಿಪಾಳ್ಯದ ಲೇತ್ ಶೆಡ್ಡುಗಳಲ್ಲಿ ಒಂದು ಜಾಬ್ ಹಾಳಾದರೆ ಮೊದಲು ಬರೋ ಪ್ರಶ್ನೆ, ‘ಯಾವನ್ಲಾ ಕೆಡ್ಸಿದ್ದು?’ ಕನ್ನಡದ ‘ಕೆಟ್ಟ’ ಅನ್ನೋ ಮಾತೇ ಅಂಥದು. ‘ಕೆಡು’ ಅನ್ನೋ ಕ್ರಿಯೆಯಿಂದ ಹುಟ್ಟಿದ್ದು. ಹಾಲು ಕೆಡುತ್ತೆ, ಹೊಟ್ಟೆ ಕೆಡುತ್ತೆ, ಊರು ಕೆಡುತ್ತೆ. ಕೆಟ್ಟದ್ದು ಅಂದರೆ ಮೊದಲು ನೆಟ್ಟಗಿದ್ದದ್ದು. ‘ಕೆಡಿಸು’ ಅಂದಕೂಡಲೇ ಕೆಡಿಸಿದವನು ಎದುರಿಗೆ ಬಂದು ನಿಲ್ಲಬೇಕಾಗುತ್ತೆ.

ಇಂಗ್ಲಿಷಿನ ‘ಈವಿಲ್’ ಹಿಡಿದ ಹಾದಿ ಬೇರೆ. ಸಾವಿರ ವರ್ಷದ ಹಿಂದೆ ಅದೂ ಜನರ ಬಾಯಿಮಾತೇ. ಕೆಟ್ಟ ಹಣ್ಣು, ರೋಗ, ಕಷ್ಟ ಎಲ್ಲಕ್ಕೂ ಸಲ್ಲುತ್ತಿತ್ತು. ಆಮೇಲೆ ‘ಬ್ಯಾಡ್’ ಬಂದು ದಿನಬಳಕೆಯ ಕೆಲಸ ಕಿತ್ತುಕೊಂಡಿತು. ‘ಈವಿಲ್’ ಚರ್ಚಿನ ಕಡೆ ಸರಿದು ಸೈತಾನನ ಪಕ್ಕ ಕೂತಿತು. ರೋಗದ ಅರ್ಥ ಮಾತ್ರ ಒಂದು ಕಡೆ ಬಹಳ ಕಾಲ ಉಳಿದಿತ್ತು. ಗಂಡಮಾಲೆಗೆ ಅಲ್ಲಿ ‘ಕಿಂಗ್ಸ್ ಈವಿಲ್’ ಅನ್ನುತ್ತಿದ್ದರು. ರಾಜ ಮುಟ್ಟಿದರೆ ವಾಸಿಯಾಗುತ್ತೆ ಅಂತ ನಂಬಿಕೆ. 1714ರಲ್ಲಿ ಆನ್ ರಾಣಿ ಸಾಯೋತನಕ ಮುಟ್ಟಿಸಿಕೊಳ್ಳೋಕೆ ಜನ ಬರುತ್ತಿದ್ದರು. (ಅಲ್ಲಿ ಮುಟ್ಟಿದರೆ ರೋಗ ಹೋಗುತ್ತಿತ್ತಂತೆ; ಇಲ್ಲಿ ನಾವು ಮುಟ್ಟಿದರೆ ಬಾವಿಯೇ ಮೈಲಿಗೆ!)

ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ದೊಡ್ಡವರಿಗೆ ‘ಸೋಷಿಯಲ್ ಈವಿಲ್’ ಅಂದರೆ ವೇಶ್ಯಾವೃತ್ತಿ. ಬೀದಿಗೆ ಬಿದ್ದ ಹೆಂಗಸು ಕಣ್ಣಿಗೆ ಬಿದ್ದಳು; ದುಡ್ಡು ಕೊಟ್ಟ ಗಂಡಸು ಆ ಮಾತಿನೊಳಗೆ ಕಾಣಲೇ ಇಲ್ಲ. ಅದೇ ಮಾತು ನಮ್ಮ ಸುಧಾರಕರ ಕೈಗೆ ಸಿಕ್ಕು ಸತಿ, ಬಾಲ್ಯವಿವಾಹ, ಅಸ್ಪೃಶ್ಯತೆ ಎಲ್ಲಕ್ಕೂ ಅಂಟಿತು. ಕನ್ನಡದಲ್ಲಿ ‘ಅನಿಷ್ಟ ಪದ್ಧತಿ’, ‘ಸಾಮಾಜಿಕ ಪಿಡುಗು’ ಅಂತಾಯಿತು. ಪಿಡುಗು ಅಂದರೆ ಸಿಡಿಲು, ಉಪದ್ರವ. ಅದನ್ನು ಯಾರೂ ಮಾಡೋದಿಲ್ಲ, ತಾನಾಗಿ ಬಂದು ಎರಗುತ್ತೆ. ಅನಿಷ್ಟಕ್ಕಂತೂ ಶನೀಶ್ವರನೇ ಕಾರಣ ಅಂತ ಗಾದೆಯೇ ಇದೆ. ಬಾವಿಗೆ ಕಾವಲು ಹಾಕಿದ ಊರಗೌಡ ಪಾರು.

‘ಪಾಪ’ ಅನ್ನೋದೂ ಇದೇ ಜಾತಿಯ ಮಾತು. 1934ರ ಜನವರಿಯಲ್ಲಿ ಬಿಹಾರದಲ್ಲಿ ಭೂಕಂಪವಾದಾಗ, ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಇದು ಎಂದರು ಗಾಂಧೀಜಿ. ಟಾಗೋರರು ಒಪ್ಪಲಿಲ್ಲ. ಒಪ್ಪೋದಾದರೂ ಹೇಗೆ? ಭೂಮಿ ನಡುಗಿದರೆ ಕೇರಿಯ ಗುಡಿಸಲೂ ಬೀಳುತ್ತಲ್ಲ.

ಅಂಬೇಡ್ಕರರು ಅಧ್ಯಕ್ಷರಾಗಿದ್ದ ಕರಡು ಸಮಿತಿ ಕೊಟ್ಟ ಸಂವಿಧಾನದ 17ನೇ ವಿಧಿ ತೆಗೆದು ಓದಿ. ಅಲ್ಲಿ ‘ಈವಿಲ್’ ಇಲ್ಲ, ಪಾಪ ಇಲ್ಲ. ‘ಅಫೆನ್ಸ್’ ಇದೆ, ಅಪರಾಧ. ಅಪರಾಧ ಅಂದಮೇಲೆ ಅಪರಾಧಿ ಬೇಕು, ಸಾಕ್ಷಿ ಬೇಕು, ಶಿಕ್ಷೆ ಬೇಕು. 1955ರ ಕಾಯ್ದೆಯ ಹೆಸರಿನಲ್ಲೇ ‘ಅಪರಾಧ’ ಇತ್ತು. 1989ರದ್ದರಲ್ಲಿ ‘ದೌರ್ಜನ್ಯ’ ಬಂತು. ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆಯ ಇಂಗ್ಲಿಷ್ ಹೆಸರಿನಲ್ಲಿ ‘ಈವಿಲ್’ ಮತ್ತೆ ಬಂದು ಕೂತಿದೆ. ಆದರೂ ಅದರ ಒಳಗೆ ಮಾಡೋ ಕೆಲಸಗಳನ್ನು ಒಂದೊಂದಾಗಿ ಹೇಳಿದೆ. ಎಂಜಲೆಲೆಯ ಮೇಲೆ ಉರುಳೋದಕ್ಕೆ ಅನುವು ಮಾಡಿಕೊಡೋದೂ ಅಪರಾಧವೇ.

ಅಪರಾಧ ಅಂತ ಕರೆದಮಾತ್ರಕ್ಕೆ ಮಾಡಿದವರು ಸಿಕ್ಕಿಬೀಳುತ್ತಾರೆ ಅಂತೇನಲ್ಲ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜನ ‘ಸುಟ್ಟುಹೋದರು’ ಅಂತ ಕಡತದಲ್ಲಿ ಬರೆಯಬಹುದಿತ್ತು. ‘ಸುಟ್ಟರು’ ಅಂತ ಬರೆಯೋಕೆ ಕರ್ತೃಪದ ಸಿಗಲಿಲ್ಲ.