ನೂರಡಿ ರಸ್ತೆಗೆ ಬಂದ ಡೋನಟ್: ಬೆಂಗಳೂರು ಪೂರ್ವದಲ್ಲಿ ಒಂದು ಸರಣಿ ವ್ಯಾಪಾರದ ಚರಿತ್ರೆ

2013ರ ಜನವರಿಯಲ್ಲಿ ಅಮೆರಿಕದ ಕ್ರಿಸ್ಪಿ ಕ್ರೀಮ್ ಕಂಪನಿಯ ಭಾರತದ ಮೊದಲ ಅಂಗಡಿ ಬೆಂಗಳೂರಿನ ಇಂದಿರಾನಗರದ ನೂರಡಿ ರಸ್ತೆಯಲ್ಲಿ ಬಾಗಿಲು ತೆರೆಯಿತು. ವಿದೇಶಿ ತಿಂಡಿ ಕಂಪನಿಗಳಿಗೆ ಈ ಊರು ಹೊಸದಲ್ಲ. 1995ರಲ್ಲಿ ಕೆಎಫ್‌ಸಿ ದೇಶದಲ್ಲಿ ಮೊದಲು ನೆಲೆಯೂರಿದ್ದೂ ಇಲ್ಲಿನ ಬ್ರಿಗೇಡ್ ರಸ್ತೆಯಲ್ಲೇ. ಆಗ ಪ್ರೊ. ಎಂ. ಡಿ. ನಂಜುಂಡಸ್ವಾಮಿ ನೇತೃತ್ವದ ರೈತ ಸಂಘ ಅದರ ವಿರುದ್ಧ ಬೀದಿಗಿಳಿದಿತ್ತು. ಡೋನಟ್ ಬಂದಾಗ ಅಂಥ ಗದ್ದಲ ಏಳಲಿಲ್ಲ. ಅದಕ್ಕೆ ನಿಜವಾಗಿ ಅಡ್ಡಬಂದದ್ದು ಊರಿನ ತಿಂಡಿಯ ಹೊತ್ತು. ಅಮೆರಿಕದಲ್ಲಿ ಬೆಳಗಿನ ಕಾಫಿಯ ಜೊತೆಗಾರನಾಗಿ ಬೆಳೆದ ತಿನಿಸು ಇಲ್ಲಿ ಸಂಜೆಯ ಸಿಹಿಯಾಗಿ, ಉಡುಗೊರೆಯ ಡಬ್ಬಿಯಾಗಿ ಮಾರಾಟವಾಗಬೇಕಾಯಿತು. ಸರಣಿ ಅಂಗಡಿಗಳ ಲೆಕ್ಕಾಚಾರ ಏರುಪೇರಾದದ್ದಕ್ಕೆ ಇದು ಮುಖ್ಯ ಕಾರಣ ಎಂಬುದು ಈ ಲೇಖನದ ವಾದ.

ಯಂತ್ರ, ಗಾಜು, ಕಾಫಿ

ಡೋನಟ್ಟಿನ ನಡುವಿನ ತೂತಿಗೆ ಹ್ಯಾನ್ಸನ್ ಗ್ರೆಗರಿ ಎಂಬ ಹಡಗಿನವನ ಹೆಸರು ಅಂಟಿಕೊಂಡಿದೆ. 1847ರಲ್ಲಿ ಅವನೇ ಅದನ್ನು ಕೊರೆದನೆಂಬುದು ಪ್ರಚಲಿತ ಕತೆ. ಕತೆ ಹೇಗೇ ಇರಲಿ, ಉಪಯೋಗ ಸ್ಪಷ್ಟ. ಉದ್ದಿನ ವಡೆಗೆ ಹೆಬ್ಬೆರಳಿನಿಂದ ತೂತು ಮಾಡುವ ಕಾರಣವೇ ಇಲ್ಲಿಯೂ ಇದೆ: ಕಾದ ಎಣ್ಣೆ ಒಳಗಿನಿಂದಲೂ ತಾಗಿದರೆ ನಡುಭಾಗ ಹಸಿಯಾಗಿ ಉಳಿಯುವುದಿಲ್ಲ.

ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಯುದ್ಧಭೂಮಿಯಲ್ಲಿದ್ದ ಅಮೆರಿಕನ್ ಸೈನಿಕರಿಗೆ ಸಾಲ್ವೇಶನ್ ಆರ್ಮಿಯ ಸ್ವಯಂಸೇವಕಿಯರು ಡೋನಟ್ ಕರಿದು ಹಂಚಿದರು. ಯುದ್ಧ ಮುಗಿದು ಊರಿಗೆ ಮರಳಿದವರ ನಾಲಿಗೆಯಲ್ಲಿ ಆ ರುಚಿ ಉಳಿದಿತ್ತು. ನ್ಯೂಯಾರ್ಕಿನಲ್ಲಿ ಅಡಾಲ್ಫ್ ಲೆವಿಟ್ 1920ರಲ್ಲಿ ಡೋನಟ್ ಯಂತ್ರ ರೂಪಿಸಿದ ಮೇಲೆ ಅದು ಸಾಮೂಹಿಕ ಉತ್ಪಾದನೆಯ ಸರಕಾಯಿತು.

ಸರಣಿ ವ್ಯಾಪಾರದ ಎರಡು ದಾರಿಗಳು ಮುಂದಿನ ಮೂರು ದಶಕಗಳಲ್ಲಿ ತೆರೆದುಕೊಂಡವು. ವರ್ನನ್ ರುಡಾಲ್ಫ್ 1937ರಲ್ಲಿ ವಿನ್‌ಸ್ಟನ್-ಸೇಲಂನಲ್ಲಿ ಕ್ರಿಸ್ಪಿ ಕ್ರೀಮ್ ಶುರು ಮಾಡಿದ್ದು ದಿನಸಿ ಅಂಗಡಿಗಳಿಗೆ ಸಗಟು ಸರಬರಾಜು ಮಾಡಲು. ಕರಿಯುವ ವಾಸನೆ ಹಿಡಿದು ಬಂದ ದಾರಿಹೋಕರು ಬಿಸಿಬಿಸಿಯಾಗಿ ಕೇಳತೊಡಗಿದಾಗ ಗೋಡೆ ಒಡೆದು ಕಿಟಕಿ ಮಾಡಿಸಿದ ಎಂದು ಕಂಪನಿ ತನ್ನ ಚರಿತ್ರೆ ಹೇಳಿಕೊಳ್ಳುತ್ತದೆ. ಮುಂದೆ ಆ ಕಿಟಕಿಯೇ ಅದರ ಮುಖ್ಯ ಜಾಹೀರಾತಾಯಿತು. ಗಾಜಿನಾಚೆ ಹಿಟ್ಟಿನ ಬಳೆಗಳು ಎಣ್ಣೆಯಲ್ಲಿ ತೇಲಿ, ಮಗುಚಿ, ಸಕ್ಕರೆ ಪಾಕದ ತೆರೆಯಡಿ ಸಾಗುವುದನ್ನು ಗಿರಾಕಿ ನಿಂತು ನೋಡಬಹುದು. ಬಿಸಿ ಡೋನಟ್ ಸಿದ್ಧವಾದಾಗ ‘ಹಾಟ್ ನೌ’ ಎಂಬ ಕೆಂಪು ದೀಪ ಹೊತ್ತಿಕೊಳ್ಳುತ್ತದೆ.

ವಿಲಿಯಂ ರೋಸೆನ್‌ಬರ್ಗ್ ಹಿಡಿದದ್ದು ಬೇರೆ ದಾರಿ. 1948ರಲ್ಲಿ ಮ್ಯಾಸಚೂಸೆಟ್ಸ್‌ನ ಕ್ವಿನ್ಸಿಯಲ್ಲಿ ತೆರೆದ ಅಂಗಡಿಗೆ 1950ರಲ್ಲಿ ‘ಡಂಕಿನ್ ಡೋನಟ್ಸ್’ ಎಂದು ಹೆಸರಿಟ್ಟ ಆತ, 1955ರಿಂದ ಫ್ರಾಂಚೈಸಿ ಕೊಡತೊಡಗಿದ. ಇಲ್ಲಿ ಡೋನಟ್ ಕಾಫಿಯ ನಂಟ. ಕೆಲಸಕ್ಕೆ ಹೊರಟವನ ಬೆಳಗಿನ ಅವಸರವೇ ವ್ಯಾಪಾರದ ಬಂಡವಾಳ. 1980ರ ದಶಕದ ಅದರ ಟಿವಿ ಜಾಹೀರಾತಿನಲ್ಲಿ ಫ್ರೆಡ್ ಎಂಬ ಬೇಕರ್ ನಸುಕಿನಲ್ಲೇ ನಿದ್ದೆಗಣ್ಣಿನಲ್ಲಿ ಎದ್ದು, ಡೋನಟ್ ಮಾಡುವ ಹೊತ್ತಾಯಿತೆಂದು ಗೊಣಗುತ್ತ ಹೊರಡುತ್ತಿದ್ದ.

ಮರ್ಫಿ ಟೌನ್‌ನ ಮಗ್ಗುಲಲ್ಲಿ

ಹಲಸೂರಿಗೂ ಇಂದಿರಾನಗರಕ್ಕೂ ನಡುವೆ, ಹಳೇ ಮದ್ರಾಸು ರಸ್ತೆಗೆ ಹತ್ತಿರದಲ್ಲಿ ಮರ್ಫಿ ಟೌನ್ ಇದೆ. ಹಿಂದೆ ನಾಕ್ಸ್‌ಪೇಟೆ ಎನ್ನಿಸಿಕೊಂಡಿದ್ದ ಈ ಜಾಗ ಬ್ರಿಟಿಷರ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನ ಕಾಲದಲ್ಲಿ ಬಡ ಕೆಲಸಗಾರರಿಗೆಂದು ಕಟ್ಟಿದ ಮಾದರಿ ಬಡಾವಣೆ. ಮರ್ಫಿ ಎಂಬ ಎಂಜಿನಿಯರನ ಹೆಸರು ಅದಕ್ಕೆ ನಿಂತಿದೆ. ದಂಡು ಎನ್ನಿಸಿಕೊಂಡಿದ್ದ ಆ ಸ್ಟೇಷನ್ನಿನ ಆಡಳಿತ 1947ರಲ್ಲಿ ಮೈಸೂರು ಸಂಸ್ಥಾನಕ್ಕೆ ಮರಳಿ, 1949ರಲ್ಲಿ ಪೇಟೆ ಮತ್ತು ದಂಡು ಒಂದೇ ಕಾರ್ಪೊರೇಷನ್ನಿಗೆ ಸೇರಿದವು. ಆದರೆ ಬೇಕರಿಯ ವಿಷಯದಲ್ಲಿ ಎರಡು ಊರುಗಳ ಗೆರೆ ಅಷ್ಟು ಬೇಗ ಅಳಿಸಲಿಲ್ಲ.

ಪೇಟೆಯ ಕಡೆ ಅಯ್ಯಂಗಾರ್ ಬೇಕರಿ. ಹಾಸನ ಸೀಮೆಯಿಂದ ಬಂದವರು 1898ರಲ್ಲಿ ಚಿಕ್ಕಪೇಟೆಯಲ್ಲಿ ಆರಂಭಿಸಿದ ಬಿ.ಬಿ. ಬೇಕರಿಯನ್ನು ಈ ಪರಂಪರೆಯ ಮೊದಲನೆಯದೆಂದು ಗುರುತಿಸುತ್ತಾರೆ. ಮೊಟ್ಟೆ ಹಾಕದ ಬ್ರೆಡ್ಡು, ಖಾರ ಬನ್ನು, ದಿಲ್‌ಪಸಂದ್ ಅದರ ಗುರುತು. ದಂಡಿನ ಕಡೆ ಮಾಸ್ಕ್ ರಸ್ತೆಯ ಆಲ್ಬರ್ಟ್ ಬೇಕರಿ 1902ರದು. ವೀಲರ್ ರಸ್ತೆಯ ಥಾಮ್ಸ್ ಬೇಕರಿ 1970ರದು. ಕ್ರಿಸ್‌ಮಸ್ಸಿನ ಪ್ಲಮ್ ಕೇಕು, ಈಸ್ಟರಿನ ಬನ್ನು, ರಂಜಾನಿನ ಸಂಜೆಯ ಪಫ್ಸು ಇಲ್ಲಿನ ಪಂಚಾಂಗ. ಸಕ್ಕರೆ ಪುಡಿ ಹೊರಳಿಸಿದ ಡೋನಟ್ಟೂ ಇಂಥ ಬೇಕರಿಗಳ ಗಾಜಿನ ಪೆಟ್ಟಿಗೆಯಲ್ಲಿ ಬನ್ನಿನ ಪಕ್ಕ ಕೂತಿರುತ್ತದೆ. ಚಹದ ಜೊತೆ ಒಂದೇ ಒಂದು ಕೊಂಡು, ನಿಂತೇ ತಿಂದು ಹೋಗಬಹುದು.

ಮರ್ಫಿ ಟೌನ್‌ನಿಂದ ನಡೆದುಹೋಗುವಷ್ಟು ದೂರದ ನೂರಡಿ ರಸ್ತೆ ಮೊದಲು ಒಂಟಿ ಮನೆಗಳ ಸಾಲಾಗಿತ್ತು. ಸಾಫ್ಟ್‌ವೇರ್ ಸಂಬಳ ಬಂದ ಮೇಲೆ ಮನೆಗಳು ಶೋರೂಮುಗಳಾದವು, ಕೆಫೆಗಳಾದವು. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಶುರುವಾದ ಕೆಫೆ ಕಾಫಿ ಡೇ, ಒಂದು ಲೋಟ ಕಾಫಿಗೆ ಹೆಚ್ಚು ಹಣ ಕೊಟ್ಟು ಗಂಟೆಗಟ್ಟಲೆ ಕೂರುವ ರೂಢಿಯನ್ನು ಆಗಲೇ ಕಲಿಸಿತ್ತು. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿ–ಮಹಾತ್ಮ ಗಾಂಧಿ ರಸ್ತೆ ಮೆಟ್ರೊ ಓಡತೊಡಗಿ ಹಲಸೂರು, ಇಂದಿರಾನಗರಗಳಲ್ಲಿ ನಿಲ್ದಾಣಗಳಾದವು. ಕ್ರಿಸ್ಪಿ ಕ್ರೀಮ್ ಬಂದದ್ದು ಇದರ ಬೆನ್ನಿಗೆ.

ಡಬ್ಬಿಯ ವ್ಯಾಪಾರ

ಭಾರತದಲ್ಲಿ ಡೋನಟ್ ಸರಣಿಗಳು ಮೂರು ಬಗೆಯ ತಂತ್ರ ಹೂಡಿದವು. 2008ರಲ್ಲಿ ಬಂದ ಮ್ಯಾಡ್ ಓವರ್ ಡೋನಟ್ಸ್ ಮೊಟ್ಟೆಯನ್ನು ಪೂರ್ತಿ ಬಿಟ್ಟಿತು. ನಮ್ಮ ಆಹಾರ ನಿಯಮದಲ್ಲಿ ಮೊಟ್ಟೆ ಸೇರಿದ ತಿನಿಸು ಮಾಂಸಾಹಾರದ ಗುರುತು ಹೊರಬೇಕು. ಹಸಿರು ಚುಕ್ಕೆ ಇದ್ದರೆ ಹುಟ್ಟುಹಬ್ಬಕ್ಕೆ, ಕಚೇರಿಯ ಹಂಚಿಕೆಗೆ ಯಾರನ್ನೂ ಕೇಳದೆ ಒಯ್ಯಬಹುದು. ಅಯ್ಯಂಗಾರ್ ಬೇಕರಿಗಳು ನೂರು ವರ್ಷದ ಹಿಂದೆಯೇ ಕಂಡುಕೊಂಡಿದ್ದ ದಾರಿಯಿದು.

ಡಂಕಿನ್ ಡೋನಟ್ಸನ್ನು ಜುಬಿಲೆಂಟ್ ಫುಡ್‌ವರ್ಕ್ಸ್ 2012ರಲ್ಲಿ ದೆಹಲಿಯ ಕನಾಟ್ ಪ್ಲೇಸ್‌ಗೆ ತಂದಿತು. ಬೆಳಗಿನ ಗಿರಾಕಿ ಸಾಲದೆಂದು ಕಂಡಾಗ ಬರ್ಗರ್‌ಗಳಿಗೆ ಮೊರೆಹೋಯಿತು. ಹಲಗೆಯ ಮೇಲೆ ‘ಡಂಕಿನ್ ಡೋನಟ್ಸ್ ಅಂಡ್ ಮೋರ್’ ಎಂದು ಬರೆಸಿತು. ಕ್ರಿಸ್ಪಿ ಕ್ರೀಮ್ ಮಾತ್ರ ತನ್ನ ಹಳೆಯ ಗಾಜಿನ ಪ್ರದರ್ಶನವನ್ನೂ ಡಜನ್ ಡಬ್ಬಿಯನ್ನೂ ನಂಬಿತು. ಲ್ಯಾಂಡ್‌ಮಾರ್ಕ್ ಸಮೂಹದ ಸಿಟಿಮ್ಯಾಕ್ಸ್ ಜೊತೆ ಮಾಡಿಕೊಂಡ ಒಪ್ಪಂದದಂತೆ ದಕ್ಷಿಣ ಮತ್ತು ಪಶ್ಚಿಮ ಭಾರತದಲ್ಲಿ ಐದು ವರ್ಷಕ್ಕೆ 80 ಅಂಗಡಿಗಳ ಗುರಿ ಇತ್ತು.

ಲೆಕ್ಕ ಎಲ್ಲಿ ತಪ್ಪಿತು

ಕ್ರಿಸ್ಪಿ ಕ್ರೀಮ್ ಆ ಗುರಿ ಮುಟ್ಟಲಿಲ್ಲ. ಡಂಕಿನ್ ಕತೆ ಇನ್ನೂ ತೀವ್ರ: ಒಂದು ಹಂತದಲ್ಲಿ 70 ದಾಟಿದ್ದ ಅಂಗಡಿಗಳು 2018ರ ಹೊತ್ತಿಗೆ 40ಕ್ಕಿಂತ ಕೆಳಗಿಳಿದವು, ನಷ್ಟದ ಅಂಗಡಿಗಳನ್ನು ಕಂಪನಿಯೇ ಮುಚ್ಚಿತು.

ರುಚಿಯ ಕೊರತೆಯಿಂದ ಹೀಗಾಯಿತೆನ್ನಲು ಆಧಾರ ಕಡಿಮೆ. ಯೀಸ್ಟಿನಿಂದ ಉಬ್ಬಿಸಿ ಕರಿದ ಡೋನಟ್ ಅದೇ ದಿನ ತಿನ್ನಬೇಕಾದದ್ದು. ಮರುದಿನಕ್ಕೆ ಹಿಟ್ಟು ಬಿಗಿಯುತ್ತದೆ, ಪಾಕ ಬೆವರುತ್ತದೆ. ಆದ್ದರಿಂದ ಸರಣಿಗಳು ಒಂದು ದೊಡ್ಡ ಅಡುಗೆಮನೆಯಲ್ಲಿ ತಯಾರಿಸಿ ಸುತ್ತಲಿನ ಅಂಗಡಿಗಳಿಗೆ ದಿನವೂ ಸಾಗಿಸುತ್ತವೆ. ಈ ಏರ್ಪಾಡು ಉಳಿಯಬೇಕಾದರೆ ಪ್ರತಿದಿನ ಬರುವ ಗಿರಾಕಿ ಬೇಕು. ಅಮೆರಿಕದಲ್ಲಿ ಬೆಳಗಿನ ಕಾಫಿ ಅವನನ್ನು ಕರೆತರುತ್ತದೆ. ಹಲಸೂರು, ಇಂದಿರಾನಗರಗಳಲ್ಲಿ ಆ ಹೊತ್ತು ಇಡ್ಲಿ, ವಡೆ, ದೋಸೆ, ಫಿಲ್ಟರ್ ಕಾಫಿಗೆ ಮೀಸಲು; ದರ್ಶಿನಿಗಳು ಅದನ್ನು ಕೆಲವೇ ನಿಮಿಷಗಳಲ್ಲಿ, ಕಡಿಮೆ ಬೆಲೆಗೆ ಮುಗಿಸಿಕೊಡುತ್ತವೆ. ಡೋನಟ್ ಕೊಳ್ಳುವವರು ವಾರಾಂತ್ಯಕ್ಕೆ, ಹುಟ್ಟುಹಬ್ಬಕ್ಕೆ ಬಂದರು. ಬಾಡಿಗೆ ಮಾತ್ರ ತಿಂಗಳ ಎಲ್ಲ ದಿನಕ್ಕೂ ಕಟ್ಟಬೇಕಿತ್ತು.

ಮರ್ಫಿ ಟೌನ್ ಸುತ್ತಲಿನಂಥ ಸಣ್ಣ ಬೇಕರಿಗೆ ಈ ತೊಡಕಿಲ್ಲ. ಅಲ್ಲಿ ಡೋನಟ್ ಹತ್ತಾರು ಸರಕುಗಳಲ್ಲಿ ಒಂದು. ಮಾರಾಟವಾಗದಿದ್ದರೆ ಮರುದಿನ ಕಡಿಮೆ ಕರಿಯುತ್ತಾರೆ, ಬನ್ನು ಬ್ರೆಡ್ಡಿನ ವ್ಯಾಪಾರ ಅಂಗಡಿಯನ್ನು ನಡೆಸುತ್ತದೆ.

ಸರಣಿಗಳಿಗೆ ಆಮೇಲೆ ಆಸರೆಯಾದದ್ದು ಮನೆಬಾಗಿಲಿನ ವಿತರಣೆ. 2014ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಸ್ವಿಗ್ಗಿಯಂಥ ಸೇವೆಗಳಿಗೆ ಡೋನಟ್ ಡಬ್ಬಿ ಹೇಳಿ ಮಾಡಿಸಿದ ಸರಕು. ಮಸಾಲೆ ದೋಸೆ ದಾರಿಯಲ್ಲಿ ಮೆತ್ತಗಾಗುತ್ತದೆ; ಆರು ಡೋನಟ್ ಅರ್ಧ ಗಂಟೆ ಸ್ಕೂಟರಿನಲ್ಲಿ ಕೂತರೂ ಕೆಡುವುದಿಲ್ಲ. ಮುಖ್ಯರಸ್ತೆಯ ದುಬಾರಿ ಮಳಿಗೆ ಬಿಟ್ಟು ಮಾಲ್‌ನ ಪುಟ್ಟ ಕಟ್ಟೆಯಿಂದಲೋ ಒಳರಸ್ತೆಯ ಅಡುಗೆಮನೆಯಿಂದಲೋ ಕಳಿಸಿದರೂ ಸಾಕು. ಇದೇ ಅವಧಿಯಲ್ಲಿ ತವರಿನಲ್ಲಿ ಡಂಕಿನ್ ಪಾನೀಯಗಳೇ ತನ್ನ ಮುಖ್ಯ ವ್ಯಾಪಾರವೆಂದು ಒಪ್ಪಿ, 2019ರ ಜನವರಿಯಿಂದ ಹೆಸರಿನಲ್ಲಿದ್ದ ‘ಡೋನಟ್ಸ್’ ಅನ್ನು ಕೈಬಿಟ್ಟಿತು. ಅಲ್ಲಿ ಕಾಫಿ ಡೋನಟ್ಟನ್ನು ಹಿಂದೆ ಸರಿಸಿದರೆ, ಕಾಫಿಯನ್ನು ಆಗಲೇ ಬೇರೆಯವರಿಗೆ ಒಪ್ಪಿಸಿದ್ದ ಬೆಂಗಳೂರು ಪೂರ್ವದಲ್ಲಿ ಡೋನಟ್ ಡಬ್ಬಿಯೊಳಗೆ ತನ್ನ ಗಿರಾಕಿಯನ್ನು ಉಳಿಸಿಕೊಂಡಿದೆ.