ಬ್ರಿಟಿಷರೇ ಬನ್ನಿ ಅಂದ ದ್ವೀಪ

ಬೆಂಗಳೂರಿನಲ್ಲಿ ಕೃತಕ ಬುದ್ಧಿಮತ್ತೆಯ ಸ್ಟಾರ್ಟಪ್ ಶುರು ಮಾಡೋ ಹುಡುಗರನ್ನ ನೋಡಿ. ಕಂಪನಿಗೆ ಹೆಸರಿಟ್ಟ ಕೂಡಲೇ ವೆಬ್‌ಸೈಟಿಗೆ ವಿಳಾಸ ಹುಡುಕ್ತಾರೆ. ಅದರ ಕೊನೆಗೆ ಡಾಟ್ ಕಾಮ್ ಬೇಡ, ಡಾಟ್ ಎಐ ಬೇಕು. ಎಐ ಅಂದ್ರೆ ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ಅಂತ ನಾವೆಲ್ಲ ಅಂದ್ಕೋತೀವಿ. ಅಸಲಿಗೆ ಡಾಟ್ ಇನ್ ಭಾರತದ್ದಾದ ಹಾಗೆ, ಡಾಟ್ ಎಐ ಅನ್ನೋದು ಅಂಗ್ವಿಲಾ ಅನ್ನೋ ಪುಟ್ಟ ಕೆರಿಬಿಯನ್ ದ್ವೀಪದ ಗುರುತು. 2023ರಲ್ಲಿ ಈ ಎರಡಕ್ಷರ ಮಾರಿಯೇ ಆ ದ್ವೀಪ ಸುಮಾರು 3.2 ಕೋಟಿ ಡಾಲರ್ ಸಂಪಾದಿಸಿತು. ಸರ್ಕಾರದ ಒಟ್ಟು ಆದಾಯದಲ್ಲಿ ಐದನೇ ಒಂದು ಭಾಗಕ್ಕಿಂತ ಜಾಸ್ತಿ!

ಅದೃಷ್ಟ ಅಂದ್ರೆ ಇದು, ಅಲ್ವಾ? ಆದರೆ ಆ ಎರಡಕ್ಷರ ಅವರದೇ ಆಗಿ ಉಳಿದಿದ್ದರ ಹಿಂದೆ ಒಂದು ವಿಚಿತ್ರ ದಂಗೆಯ ಕಥೆ ಇದೆ. ಜಗತ್ತಿನ ವಸಾಹತುಗಳೆಲ್ಲ ಬ್ರಿಟಿಷರೇ ತೊಲಗಿ ಅಂತ ಕೂಗ್ತಿದ್ದ ಕಾಲದಲ್ಲಿ, ಇಲ್ಲಿನ ಜನ ಬಂದೂಕು ಹಿಡಿದು ಬ್ರಿಟಿಷರೇ ಬನ್ನಿ ಅಂದ್ರು!

ಯಾಕೆ? ಹುಚ್ಚಾ? ಗುಲಾಮಗಿರಿಯ ಮೋಹವಾ? ಎರಡೂ ಅಲ್ಲ. ಸ್ವಲ್ಪ ಹಿಂದಕ್ಕೆ ಹೋಗೋಣ.

ಅಂಗ್ವಿಲಾ ಉದ್ದಕ್ಕೆ 25 ಕಿಲೋಮೀಟರ್, ಅಗಲಕ್ಕೆ 5 ಕಿಲೋಮೀಟರ್ ಇರೋ ಚಪ್ಪಟೆ ನೆಲ. ಹಾವುಮೀನಿನ ಆಕಾರ ಅಂತಲೇ ಅದಕ್ಕೆ ಆ ಹೆಸರು. 1650ರಲ್ಲಿ ಇಂಗ್ಲಿಷರು ಬಂದು ನೆಲೆಯೂರಿದರು. ಆಫ್ರಿಕಾದಿಂದ ಗುಲಾಮರನ್ನ ತಂದು ಕಬ್ಬು ಬೆಳೆಸೋಕೆ ನೋಡಿದರು. ಆದರೆ ಮಣ್ಣಿನಲ್ಲಿ ಸತ್ವ ಇಲ್ಲ, ಮಳೆ ನಂಬೋ ಹಾಗಿಲ್ಲ. ತೋಟಗಳು ನೆಲಕಚ್ಚಿದವು. 1830ರ ದಶಕದಲ್ಲಿ ಗುಲಾಮಗಿರಿ ರದ್ದಾದ ಮೇಲೆ ಬಿಳಿಯ ಮಾಲೀಕರು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿದರು. ಬಿಟ್ಟುಹೋದ ಜಮೀನು ತುಂಡುತುಂಡಾಗಿ ಬಿಡುಗಡೆಯಾದ ಗುಲಾಮರ ಕೈಗೆ ಬಂತು.

ಇಲ್ಲೇ ಇದೆ ನೋಡಿ ಕಥೆಯ ಬೀಜ. ಪಕ್ಕದ ಸೇಂಟ್ ಕಿಟ್ಸ್‌ನಲ್ಲಿ ಕಬ್ಬು ಸಮೃದ್ಧವಾಗಿತ್ತು. ಹಾಗಾಗಿ ಅಲ್ಲಿ ಬಿಡುಗಡೆಯಾದವರು ಮತ್ತೆ ಅದೇ ತೋಟಗಳಲ್ಲಿ ಕೂಲಿಗಳಾದರು. ಅಂಗ್ವಿಲಾದವರು ಬಡವರಾದರು, ಆದರೆ ಸ್ವಂತ ನೆಲದ ಬಡವರಾದರು. ಮೀನು ಹಿಡಿದರು, ಉಪ್ಪು ತೆಗೆದರು, ದೋಣಿ ಕಟ್ಟಿದರು. ಸುಗ್ಗಿ ಬಂದಾಗ ಅದೇ ದೋಣಿಗಳಲ್ಲಿ ಡೊಮಿನಿಕನ್ ರಿಪಬ್ಲಿಕ್‌ಗೆ ಕಬ್ಬು ಕಡಿಯೋಕೆ ಹೋಗಿ ದುಡಿದು ಬಂದರು. ವಾಪಸ್ ಬರುವಾಗ ಯಾರ ದೋಣಿ ಮೊದಲು ದಡ ಸೇರುತ್ತೆ ಅನ್ನೋ ಪೈಪೋಟಿ. ಇವತ್ತು ದೋಣಿ ಓಟವೇ ಅಲ್ಲಿನ ರಾಷ್ಟ್ರೀಯ ಕ್ರೀಡೆ. ಯಾರ ಮುಂದೆಯೂ ಕೈಕಟ್ಟಿ ನಿಂತು ಅಭ್ಯಾಸ ಇಲ್ಲದ ಜನ ಇವರು.

ಇಂಥವರನ್ನ ಲಂಡನ್ನಿನ ಅಧಿಕಾರಿಗಳು ಏನು ಮಾಡಿದರು? ಆಡಳಿತಕ್ಕೆ ಸುಲಭ ಆಗ್ಲಿ ಅಂತ ಸುಮಾರು 110 ಕಿಲೋಮೀಟರ್ ದೂರದ ಸೇಂಟ್ ಕಿಟ್ಸ್‌ಗೆ ಗಂಟು ಹಾಕಿದರು. 1825ರ ಹೊತ್ತಿಗೇ ಅಂಗ್ವಿಲಾದ ಕಾನೂನು ಸೇಂಟ್ ಕಿಟ್ಸ್‌ನಲ್ಲಿ ತಯಾರಾಗೋಕೆ ಶುರುವಾಯ್ತು. 1872ರಲ್ಲಿ ದ್ವೀಪದವರು ಲಂಡನ್‌ಗೆ ಅರ್ಜಿ ಬರೆದರು. ನಮಗೆ ಸೇಂಟ್ ಕಿಟ್ಸ್ ಸಹವಾಸ ಬೇಡ, ನೀವೇ ನೇರವಾಗಿ ಆಳಿ ಅಂತ. ಅರ್ಜಿಯಿಂದ ಏನೂ ಆಗಲಿಲ್ಲ.

ಸುಮಾರು ನೂರು ವರ್ಷ ಕಳೀತು. 1967ರ ಫೆಬ್ರವರಿ 27. ಕೆರಿಬಿಯನ್‌ನಿಂದ ಕೈತೊಳೆದುಕೊಳ್ಳೋ ಅವಸರದಲ್ಲಿದ್ದ ಬ್ರಿಟನ್, ಸೇಂಟ್ ಕಿಟ್ಸ್, ನೀವಿಸ್, ಅಂಗ್ವಿಲಾ ಮೂರನ್ನೂ ಒಟ್ಟಿಗೆ ಸೇರಿಸಿ ಆಂತರಿಕ ಸ್ವಾಡಳಿತ ಕೊಟ್ಟಿತು. ಚುನಾಯಿತ ಸೀಟುಗಳು 10. ಅದರಲ್ಲಿ ಅಂಗ್ವಿಲಾಕ್ಕೆ ಎಷ್ಟು? ಒಂದೇ ಒಂದು! ದ್ವೀಪದಲ್ಲಿ ಆಗ ಕರೆಂಟಿಲ್ಲ, ಟೆಲಿಫೋನ್ ಇಲ್ಲ, ಟಾರು ರಸ್ತೆ ಇಲ್ಲ.

ಅಧಿಕಾರ ಹೋಗಿದ್ದು ಸೇಂಟ್ ಕಿಟ್ಸ್‌ನ ರಾಬರ್ಟ್ ಬ್ರಾಡ್‌ಶಾ ಕೈಗೆ. ಬ್ರಾಡ್‌ಶಾ ಖಳನಾಯಕ ಅಂತ ಬರೆದುಬಿಡೋದು ಸುಲಭ. ಆದರೆ ಸಕ್ಕರೆ ಕಾರ್ಖಾನೆಯ ಕಾರ್ಮಿಕನಾಗಿ ಶುರು ಮಾಡಿ, ತೋಟದ ಮಾಲೀಕರ ವಿರುದ್ಧ ಯೂನಿಯನ್ ಕಟ್ಟಿ ಮೇಲೆ ಬಂದ ಮನುಷ್ಯ ಅವರು. ತಮ್ಮ ದ್ವೀಪದ ಕೂಲಿಗಳ ಪಾಲಿಗೆ ನಿಜವಾದ ನಾಯಕ. ಆದರೆ ತಮಗೆ ವೋಟು ಹಾಕದ ದ್ವೀಪ ಅವರ ಕಣ್ಣಿಗೆ ಬೀಳಲೇ ಇಲ್ಲ. ಅಂಗ್ವಿಲಾವನ್ನ ಮರುಭೂಮಿ ಮಾಡ್ತೀನಿ ಅಂತ ಅವರು ಹೇಳಿದ್ದರು ಅನ್ನೋ ಮಾತು ಆ ದ್ವೀಪದಲ್ಲಿ ಮನೆಮಾತು.

ಮೇ 30ರಂದು ತಾಳ್ಮೆಯ ಕಟ್ಟೆ ಒಡೀತು. ಸೇಂಟ್ ಕಿಟ್ಸ್‌ನಿಂದ ಬಂದಿದ್ದ ಬೆರಳೆಣಿಕೆಯ ಪೊಲೀಸರನ್ನ ಜನ ವಿಮಾನ ಹತ್ತಿಸಿ ಕಳಿಸಿದ್ರು. ಮತ್ತೆ ಇಳೀಬಾರದು ಅಂತ ರನ್‌ವೇ ಮೇಲೆ ಎಣ್ಣೆ ಡ್ರಮ್ಮುಗಳನ್ನ ಅಡ್ಡ ಇಟ್ರು. ಜೂನ್‌ನಲ್ಲಿ ಒಂದು ತಂಡ ದೋಣಿಯಲ್ಲಿ ಹೋಗಿ ಸೇಂಟ್ ಕಿಟ್ಸ್ ಮೇಲೇ ದಾಳಿಗೆ ಯತ್ನಿಸಿತು. ಅದು ನಗೆಪಾಟಲಾಯ್ತು, ನಿಜ. ಆದರೆ ಜುಲೈ 11ರ ಜನಮತ ನಗುವಂಥದ್ದಲ್ಲ. ಸೇಂಟ್ ಕಿಟ್ಸ್‌ನಿಂದ ಬೇರೆಯಾಗಬೇಕು ಅಂದವರು 1,813 ಜನ. ಬೇಡ ಅಂದವರು 5. ಐದು ಸಾವಿರ ಅಲ್ಲ, ಐದೇ ಐದು ಜನ!

ಲಂಡನ್ ಆಗಲೂ ಕಿವಿಗೊಡಲಿಲ್ಲ. ಸಂಧಾನದ ಮೇಲೆ ಸಂಧಾನ, ಸಮಿತಿಯ ಮೇಲೆ ಸಮಿತಿ. ಕೊನೆಗೆ ರೊನಾಲ್ಡ್ ವೆಬ್‌ಸ್ಟರ್ ನೇತೃತ್ವದಲ್ಲಿ 1969ರ ಫೆಬ್ರವರಿಯಲ್ಲಿ ಮತ್ತೊಂದು ಜನಮತ ನಡೀತು. ನೀವು ನಮ್ಮನ್ನ ಇಟ್ಟುಕೊಳ್ಳಲ್ಲ ಅಂದ್ರೆ ನಾವೇ ಗಣರಾಜ್ಯ ಅಂತ. ಪರವಾಗಿ 1,739, ವಿರುದ್ಧ 4. ಮಾರ್ಚ್‌ನಲ್ಲಿ ಮಾತುಕತೆಗೆ ಬಂದ ಬ್ರಿಟಿಷ್ ಸಚಿವ ವಿಲಿಯಂ ವಿಟ್ಲಾಕ್, ಬಂದೂಕುಧಾರಿಗಳನ್ನ ನೋಡಿ ಅದೇ ದಿನ ಜಾಗ ಖಾಲಿ ಮಾಡಿದರು.

ಈಗ ಸಾಮ್ರಾಜ್ಯಕ್ಕೆ ರೋಷ ಬಂತು. ಮಾರ್ಚ್ 19ರ ಮುಂಜಾನೆ 300ಕ್ಕೂ ಹೆಚ್ಚು ಪ್ಯಾರಾಟ್ರೂಪರ್‌ಗಳು, ಜೊತೆಗೆ ಲಂಡನ್ನಿನ ಪೊಲೀಸರು, ಯುದ್ಧನೌಕೆಗಳ ಬೆಂಬಲದಲ್ಲಿ ಬಂದಿಳಿದರು. ಎದುರಾಳಿ ಯಾರು? ಸುಮಾರು ಆರು ಸಾವಿರ ಜನರ ದ್ವೀಪ. ಕತ್ತಲಲ್ಲಿ ಫಳ್ ಅಂತ ಬೆಳಕು ಮಿಂಚಿದಾಗ ಸೈನಿಕರು ಗುಂಡಿನ ದಾಳಿ ಅಂದುಕೊಂಡರಂತೆ. ನೋಡಿದ್ರೆ ಪತ್ರಕರ್ತರ ಕ್ಯಾಮೆರಾ ಫ್ಲಾಶ್! ಯಾರೂ ಸಾಯಲಿಲ್ಲ. 1961ರಲ್ಲಿ ಕ್ಯೂಬಾದ ಹಂದಿಗಳ ಕೊಲ್ಲಿಯಲ್ಲಿ ಅಮೆರಿಕ ಮುಖಭಂಗ ಅನುಭವಿಸಿತ್ತಲ್ಲ, ಅದನ್ನ ನೆನಪಿಸಿ ಪತ್ರಿಕೆಗಳು ಇದನ್ನ ‘ಹಂದಿಮರಿಗಳ ಕೊಲ್ಲಿ’ ಅಂತ ಗೇಲಿ ಮಾಡಿದವು.

ಜಗತ್ತು ನಕ್ಕಿತು. ಆದರೆ ಗೆದ್ದವರು ಯಾರು? ಬಂಡಾಯ ಹತ್ತಿಕ್ಕೋಕೆ ಬಂದ ಸೇನೆಯ ಎಂಜಿನಿಯರ್‌ಗಳು ರಸ್ತೆ ಮಾಡಿದರು, ಶಾಲೆ ಕಟ್ಟಿದರು. 1971ರಲ್ಲಿ ಬ್ರಿಟಿಷ್ ಸಂಸತ್ತು ಪ್ರತ್ಯೇಕ ಕಾಯ್ದೆ ಮಾಡಿ ದ್ವೀಪದ ಆಡಳಿತವನ್ನ ತಾನೇ ವಹಿಸಿಕೊಂಡಿತು. 1980ರ ಡಿಸೆಂಬರ್ 19ರಂದು ಅಂಗ್ವಿಲಾ ಅಧಿಕೃತವಾಗಿ ಬೇರೆಯಾಯಿತು. 1872ರಲ್ಲಿ ಅರ್ಜಿ ಬರೆದು ಕೇಳಿದ್ದು 108 ವರ್ಷದ ಮೇಲೆ ಸಿಕ್ಕಿತು.

ಸೇಂಟ್ ಕಿಟ್ಸ್ ಮತ್ತು ನೀವಿಸ್ 1983ರಲ್ಲಿ ಸ್ವತಂತ್ರ ದೇಶವಾದವು. ಅಲ್ಲಿಗೆ ಜಗಳ ಮುಗೀತಾ? ಇಲ್ಲ. 1998ರಲ್ಲಿ ನೀವಿಸ್ ಕೂಡ ಬೇರೆಯಾಗ್ತೀನಿ ಅಂತ ಜನಮತ ನಡೆಸಿತು. ಶೇಕಡ 62ರಷ್ಟು ಜನ ಹೌದು ಅಂದರು. ಮೂರನೇ ಎರಡರಷ್ಟು ಬೇಕಿತ್ತು, ಸ್ವಲ್ಪದರಲ್ಲಿ ತಪ್ಪಿತು. ಅಂದ್ರೆ ತಕರಾರು ಅಂಗ್ವಿಲಾದ ಹಟಮಾರಿತನ ಮಾತ್ರ ಆಗಿರಲಿಲ್ಲ.

ಹಾಗಂತ ಅಂಗ್ವಿಲಾದವರು ಕೊಟ್ಟ ಬೆಲೆ ಸಣ್ಣದಲ್ಲ. ಇವತ್ತಿಗೂ ಅವರ ಗವರ್ನರ್‌ನನ್ನ ನೇಮಿಸೋದು ಲಂಡನ್. ಬ್ರಿಟಿಷ್ ಪಾರ್ಲಿಮೆಂಟಿಗೆ ಅವರು ಆರಿಸಿ ಕಳಿಸೋ ಸದಸ್ಯ ಒಬ್ಬನೂ ಇಲ್ಲ. ವಿಶ್ವಸಂಸ್ಥೆಯ ಸ್ವಾಡಳಿತ ಇಲ್ಲದ 17 ಪ್ರದೇಶಗಳ ಪಟ್ಟಿಯಲ್ಲಿ ಅಂಗ್ವಿಲಾ ಹೆಸರು ಈಗಲೂ ಇದೆ. ಇದು ಸ್ವಾತಂತ್ರ್ಯವೇ ಅಂತ ನಾವು ಭಾರತೀಯರು ಕೇಳ್ತೀವಿ. ಕೇಳಲೇಬೇಕು. ಆದರೆ ಅವರ ಪ್ರಶ್ನೆಯನ್ನೂ ಕೇಳಿಸಿಕೊಳ್ಳಿ. ಧ್ವಜ ಬದಲಾಗಿ ಯಜಮಾನ ಮಾತ್ರ ಹತ್ತಿರ ಬಂದ್ರೆ ಅದು ಸ್ವಾತಂತ್ರ್ಯವೇ? ಹತ್ತರಲ್ಲಿ ಒಂದು ಸೀಟು ಕೊಟ್ಟು, ನೀನೂ ಪಾಲುದಾರ ಅಂದ್ರೆ ನಂಬಬೇಕಾ?

ಆಗಸ್ಟ್ ಬಂದ್ರೆ ಗುಲಾಮಗಿರಿಯ ಬಿಡುಗಡೆಯ ನೆನಪಿಗೆ ಅಂಗ್ವಿಲಾ ಕಾರ್ನಿವಲ್‌ನಲ್ಲಿ ಕುಣಿಯುತ್ತೆ. ಮೇ 30ರಂದು ಪೊಲೀಸರನ್ನ ಓಡಿಸಿದ ದಿನವನ್ನ ನಾಡಹಬ್ಬವಾಗಿ ಆಚರಿಸುತ್ತೆ. ಒಂದು ಬಿಳಿಯ ಮಾಲೀಕರಿಂದ ಬಿಡುಗಡೆ, ಇನ್ನೊಂದು ತಮ್ಮವರೇ ಆದ ನೆರೆಯವರಿಂದ ಬಿಡುಗಡೆ. ಆ ಜನಕ್ಕೆ ಎರಡೂ ಒಂದೇ ತೂಕ.

ಅವತ್ತು ಬೇರೆಯಾಗದೇ ಹೋಗಿದ್ರೆ ಎಐ ಅನ್ನೋ ಎರಡಕ್ಷರವೂ ಇವರದಾಗ್ತಿರಲಿಲ್ಲ. ಇವತ್ತು ಅದರಿಂದ ಬರೋ ಹಣವನ್ನ ಹೇಗೆ ಖರ್ಚು ಮಾಡಬೇಕು ಅಂತ ಚರ್ಚೆ ನಡೆಯೋದು ಅಂಗ್ವಿಲಾದ ಸಭೆಯಲ್ಲಿ, ಸೇಂಟ್ ಕಿಟ್ಸ್‌ನಲ್ಲಿ ಅಲ್ಲ. ಆ 1,813 ಜನ ಕೇಳಿದ್ದೂ ಅಷ್ಟನ್ನೇ.