ಆಸ್ಪತ್ರೆ ಚಾಪ್ಲೇನ್ ಮತ್ತು ಸಿಬ್ಬಂದಿಯ ಬೆಂಬಲ

ಆಸ್ಪತ್ರೆ ಚಾಪ್ಲೇನ್ ಎಂದರೆ ರೋಗಿಗಳಿಗೆ, ಅವರ ಬಂಧುಗಳಿಗೆ ಹಾಗೂ ಆಸ್ಪತ್ರೆಯ ಸಿಬ್ಬಂದಿಗೆ ಆಧ್ಯಾತ್ಮಿಕ ಮತ್ತು ಭಾವನಾತ್ಮಕ ಆಸರೆ ನೀಡಲು ನೇಮಕಗೊಂಡ ವ್ಯಕ್ತಿ. ಮೂಲತಃ ಕ್ರೈಸ್ತ ಪಾದ್ರಿಗಳಿಗೆ ಮೀಸಲಾಗಿದ್ದ ಈ ಹುದ್ದೆಯಲ್ಲಿ ಇಂದು ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಮುಸ್ಲಿಂ, ಯಹೂದಿ, ಹಿಂದೂ, ಬೌದ್ಧ ಚಾಪ್ಲೇನ್‌ಗಳೂ ಧರ್ಮಾತೀತ ಮಾನವತಾವಾದಿಗಳೂ ಇದ್ದಾರೆ. ವಾರ್ಡುಗಳ ವಿಲೀನ, ಸ್ಥಳಾಂತರ, ಹುದ್ದೆಗಳ ಕಡಿತ ಮೊದಲಾದ ಬದಲಾವಣೆಗಳ ಕಾಲದಲ್ಲಿ ಸಿಬ್ಬಂದಿಗೆ ನೆರವಾಗುವುದೂ ಇವರ ಕೆಲಸದ ಭಾಗವಾಗಿದೆ.

ಇತಿಹಾಸ

1925ರಲ್ಲಿ ಆಂಟನ್ ಬಾಯ್ಸನ್ ಅಮೆರಿಕದ ವೂಸ್ಟರ್ ಸ್ಟೇಟ್ ಹಾಸ್ಪಿಟಲ್‌ನಲ್ಲಿ ದೇವತಾಶಾಸ್ತ್ರದ ವಿದ್ಯಾರ್ಥಿಗಳಿಗೆ ರೋಗಿಗಳ ನಡುವೆಯೇ ತರಬೇತಿ ನೀಡತೊಡಗಿದರು. ಸ್ವತಃ ಮಾನಸಿಕ ಅಸ್ವಸ್ಥತೆಯಿಂದ ಆಸ್ಪತ್ರೆ ಸೇರಿದ್ದ ಅನುಭವ ಅವರಿಗಿತ್ತು. ಬ್ರಿಟನ್ನಿನಲ್ಲಿ 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಾಗಿನಿಂದಲೂ ಚಾಪ್ಲೇನ್‌ಗಳು ಅದರ ಅಂಗವಾಗಿದ್ದಾರೆ. ಇಂಗ್ಲೆಂಡಿನ 2015ರ ಮಾರ್ಗಸೂಚಿಯು ರೋಗಿಗಳೊಂದಿಗೆ ಸಿಬ್ಬಂದಿಯನ್ನೂ ಈ ಸೇವೆಯ ವ್ಯಾಪ್ತಿಗೆ ಸೇರಿಸಿದೆ.

ಬದಲಾವಣೆಯ ಕಾಲದ ಕಾರ್ಯ

ಹಲವು ವರ್ಷ ಒಂದೇ ವಾರ್ಡಿನಲ್ಲಿ ದುಡಿದ ದಾದಿಗೆ ಆ ವಾರ್ಡು ಮುಚ್ಚುವುದೆಂದರೆ ಕೇವಲ ಸ್ಥಳ ಬದಲಾವಣೆಯಲ್ಲ. ಸಹೋದ್ಯೋಗಿಗಳ ಒಡನಾಟವನ್ನೂ ನುರಿತ ಕೆಲಸದ ಆತ್ಮವಿಶ್ವಾಸವನ್ನೂ ಕಳೆದುಕೊಳ್ಳುವ ದುಃಖವದು. ಚಾಪ್ಲೇನ್ ಸಾಮಾನ್ಯವಾಗಿ ಅವರ ಮೇಲಧಿಕಾರಿಯಲ್ಲ. ಬಡ್ತಿ, ವರ್ಗಾವಣೆಗಳನ್ನು ನಿರ್ಧರಿಸುವವರೂ ಅಲ್ಲ. ಆದ್ದರಿಂದ ಇತರರೆದುರು ಹೇಳಲಾಗದ ಭಯ, ಕೋಪಗಳನ್ನು ಅವರೊಡನೆ ಹೇಳಿಕೊಳ್ಳಲು ಸಾಧ್ಯವಾಗುತ್ತದೆ. ಜೀವಕ್ಕೆ ಅಪಾಯವಿರುವಂತಹ ಸಂದರ್ಭಗಳನ್ನು ಬಿಟ್ಟರೆ ಆ ಮಾತುಗಳು ಗೋಪ್ಯವಾಗಿರುತ್ತವೆ.

ವಾರ್ಡುಗಳಿಗೆ ಭೇಟಿ, ಖಾಸಗಿ ಮಾತುಕತೆ, ಮುಚ್ಚಲಿರುವ ವಿಭಾಗಗಳಲ್ಲಿ ಬೀಳ್ಕೊಡುಗೆ ಕೂಟ ಇವು ಬಳಕೆಯಲ್ಲಿರುವ ಕೆಲವು ವಿಧಾನಗಳು. ಕೆಲವು ಆಸ್ಪತ್ರೆಗಳಲ್ಲಿ ಚಾಪ್ಲೇನ್‌ಗಳು ‘ಶ್ವಾರ್ಟ್ಸ್ ರೌಂಡ್’ ಸಭೆಗಳನ್ನು ನಡೆಸಿಕೊಡುತ್ತಾರೆ. 1995ರಲ್ಲಿ ಕ್ಯಾನ್ಸರ್‌ನಿಂದ ನಿಧನರಾದ ಬಾಸ್ಟನ್ನಿನ ವಕೀಲ ಕೆನೆತ್ ಶ್ವಾರ್ಟ್ಸ್ ಅವರ ಹೆಸರಿನ ಈ ಸಭೆಗಳಲ್ಲಿ ವೈದ್ಯರು, ದಾದಿಯರು ಮತ್ತು ಇತರ ನೌಕರರು ಒಟ್ಟಿಗೆ ಕುಳಿತು ತಮ್ಮ ಕೆಲಸ ಮನಸ್ಸಿನ ಮೇಲೆ ಬೀರಿದ ಪರಿಣಾಮವನ್ನು ಹಂಚಿಕೊಳ್ಳುತ್ತಾರೆ. ಸಮಸ್ಯೆಗೆ ಪರಿಹಾರ ಹುಡುಕುವುದು ಇಲ್ಲಿನ ಉದ್ದೇಶವಲ್ಲ.

ಮಿತಿಗಳು

ಚಾಪ್ಲೇನ್‌ಗಳಿಗೆ ವೇತನ ನೀಡುವುದು ಬಹುಪಾಲು ಅದೇ ಆಸ್ಪತ್ರೆ. ಹೀಗಾಗಿ ಆಡಳಿತದ ನಿರ್ಧಾರಗಳಿಗೆ ನೌಕರರನ್ನು ಒಗ್ಗಿಸುವ ಸಾಧನವಾಗಿ ಅವರು ಬಳಕೆಯಾಗುವ ಅಪಾಯವಿದೆ. ಸಾಂತ್ವನವು ನ್ಯಾಯಕ್ಕೆ ಬದಲಿಯಾಗಲಾರದು. ವೇತನ, ಕೆಲಸದ ಹೊರೆ, ಉದ್ಯೋಗ ಭದ್ರತೆಗಳ ಪ್ರಶ್ನೆಗಳನ್ನು ಆಡಳಿತ ಮತ್ತು ನೌಕರರ ಸಂಘಟನೆಗಳೇ ಬಗೆಹರಿಸಬೇಕಾಗುತ್ತದೆ. ತೀವ್ರ ಖಿನ್ನತೆಗೆ ಒಳಗಾದವರನ್ನು ಮನೋವೈದ್ಯರ ಬಳಿಗೆ ಕಳುಹಿಸುವುದು ಚಾಪ್ಲೇನ್‌ರ ಹೊಣೆಯಾಗಿದೆ.

ಭಾರತದಲ್ಲಿ

ಭಾರತದಲ್ಲಿ ಈ ಸೇವೆ ಹೆಚ್ಚಾಗಿ ಕ್ರೈಸ್ತ ಸಂಸ್ಥೆಗಳ ಆಸ್ಪತ್ರೆಗಳಲ್ಲಿ ಕಂಡುಬರುತ್ತದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಹಾಗೂ 1973ರಲ್ಲಿ ಆರಂಭವಾದ ಬೆಂಗಳೂರು ಬ್ಯಾಪ್ಟಿಸ್ಟ್ ಆಸ್ಪತ್ರೆಗಳು ಇದಕ್ಕೆ ಉದಾಹರಣೆಗಳು.